ಕರುಳ ಕುಡಿಯ ಕರುಳು ಕಾಯುವವರು

ಶಸ್ತ್ರಚಿಕಿತ್ಸೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಮಗುವಿನ ಕರುಳು ಮತ್ತೆ ತನ್ನ ಕೆಲಸ ಹಿಡಿಯುವುದು ಮಾತ್ರ ನರ್ಸ್ ಮತ್ತು ತಾಯಿಯ ಕೈಯಲ್ಲಿ. ಸುಶ್ರುತನ ಕಾಶಿಯಲ್ಲಿ ನಿಂತು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ.

ಮಕ್ಕಳ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಬೆಳಗಿನ ರೌಂಡ್ಸ್‌ಗೆ ಬರುವ ವೈದ್ಯರು ತಾಯಿಯನ್ನು ಕೇಳುವ ಮೊದಲ ಪ್ರಶ್ನೆ ಹೊರಗಿನವರಿಗೆ ವಿಚಿತ್ರವೆನಿಸಬಹುದು. ಬೆಂಗಳೂರಿನಲ್ಲಾದರೆ ‘ಗ್ಯಾಸ್ ಹೋಯ್ತಾ?’ ಎನ್ನುತ್ತಾರೆ, ವಾರಾಣಸಿಯಲ್ಲಾದರೆ ‘ಗ್ಯಾಸ್ ಪಾಸ್ ಹುವಾ?’ ಎನ್ನುತ್ತಾರೆ. ಕರುಳಿನ ಆಪರೇಷನ್ ಆದ ಮಗು ಮೂರನೆಯ ದಿನವೋ ನಾಲ್ಕನೆಯ ದಿನವೋ ಮೊದಲ ಸಲ ಗಾಳಿ ಬಿಟ್ಟರೆ, ಬಟ್ಟೆಯಲ್ಲಿ ಒಂದಿಷ್ಟು ಕಕ್ಕ ಕಂಡರೆ, ಆ ಹಾಸಿಗೆಯ ಸುತ್ತ ಹಬ್ಬದ ಕಳೆ. ಮನೆಯಲ್ಲಿ ಮೂಗು ಮುಚ್ಚಿಕೊಳ್ಳುವ ಸಂಗತಿ ಅಲ್ಲಿ ಶುಭಸುದ್ದಿ. ಸುಮ್ಮನಾಗಿದ್ದ ಕರುಳು ಎಚ್ಚೆತ್ತಿದೆ, ಇನ್ನು ಹಾಲಿನ ಯೋಚನೆ ಮಾಡಬಹುದು ಎಂದು ಅದರ ಅರ್ಥ.

ಈ ಸುದ್ದಿಯನ್ನು ವೈದ್ಯರಿಗೆ ಮುಟ್ಟಿಸುವವರು ನರ್ಸ್ ಅಥವಾ ತಾಯಿ. ಸರ್ಜನ್ ಮಗುವಿನ ಜೊತೆ ಇರುವುದು ಎರಡು ಮೂರು ಗಂಟೆ. ಅಲ್ಲಿಂದ ಮುಂದೆ ಹತ್ತು ಹದಿನೈದು ದಿನ ಪ್ರತಿ ಗಂಟೆಯೂ ನರ್ಸ್‌ಗೆ ಸೇರಿದ್ದು, ಅಲ್ಲಿಂದಾಚೆಗೆ ಎಷ್ಟೋ ವರ್ಷ ತಾಯಿಗೆ ಸೇರಿದ್ದು. ಜೀರ್ಣಾಂಗದ ಶಸ್ತ್ರಚಿಕಿತ್ಸೆಯಲ್ಲಿ ಈ ಮೂವರ ಕೆಲಸವೂ ಒಂದೇ ಚಿಕಿತ್ಸೆಯ ಭಾಗಗಳು. ನರ್ಸ್ ತಾಯಿಗೆ ಕಲಿಸುವ ಪಾಠ ಅರ್ಧಕ್ಕೆ ನಿಂತರೆ, ಎಷ್ಟೇ ಚೆನ್ನಾಗಿ ಆದ ಆಪರೇಷನ್ನೂ ಅರ್ಧಕ್ಕೆ ನಿಂತ ಹಾಗೆ.

ಕಾಶಿಯ ಹಳೆಯ ಪಾಠ

ಹೊಟ್ಟೆ ಕೊಯ್ದು ಕರುಳನ್ನು ಸರಿಪಡಿಸುವ ವಿಚಾರ ಕಾಶಿಗೆ ಹೊಸದಲ್ಲ. ಸುಶ್ರುತ ಸಂಹಿತೆ ತನ್ನನ್ನು ಕಾಶಿರಾಜ ದಿವೋದಾಸ ಧನ್ವಂತರಿಯ ಉಪದೇಶವೆಂದು ಹೇಳಿಕೊಳ್ಳುತ್ತದೆ. ಅದರ ಚಿಕಿತ್ಸಾಸ್ಥಾನದಲ್ಲಿ ಕರುಳು ಕಟ್ಟಿಕೊಂಡಾಗ ಮತ್ತು ತೂತಾದಾಗ ಮಾಡಬೇಕಾದ ಶಸ್ತ್ರಕರ್ಮದ ವಿವರವಿದೆ. ಹೊಕ್ಕುಳ ಕೆಳಗೆ ಎಡಭಾಗದಲ್ಲಿ ಕೊಯ್ದು, ಕರುಳನ್ನು ಹೊರತೆಗೆದು ಪರೀಕ್ಷಿಸಿ, ಅಡ್ಡಿಯಾದದ್ದನ್ನು ತೆಗೆಯಬೇಕು. ತೂತಿನ ಅಂಚುಗಳನ್ನು ಕೂಡಿಸಿ ಕಪ್ಪಿರುವೆಗಳಿಂದ ಕಚ್ಚಿಸಿ, ಇರುವೆಯ ತಲೆ ಮಾತ್ರ ಉಳಿಯುವಂತೆ ದೇಹವನ್ನು ತೆಗೆಯಬೇಕು. ಇರುವೆಯ ಹೊಲಿಗೆಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದರ ಮುಂದಿನ ಭಾಗವನ್ನು ನೆನೆಯುವವರು ಕಡಿಮೆ: ರೋಗಿಯನ್ನು ಗಾಳಿ ಬೀಸದ ಕೋಣೆಯಲ್ಲಿಡಬೇಕು, ಹಾಲು ಮಾತ್ರ ಆಹಾರವಾಗಿರಬೇಕು. ಶಸ್ತ್ರ ಕೆಳಗಿಟ್ಟ ಮೇಲಿನ ಆರೈಕೆಯೂ ಶಸ್ತ್ರಕರ್ಮದ ವಿಧಿಯೊಳಗೇ ಬಂದಿತ್ತು.

ಅದೇ ಗ್ರಂಥ ಚಿಕಿತ್ಸೆಗೆ ನಾಲ್ಕು ಪಾದಗಳೆನ್ನುತ್ತದೆ: ವೈದ್ಯ, ರೋಗಿ, ಔಷಧ ಮತ್ತು ಪರಿಚಾರಕ. ಪರಿಚಾರಕನಿಗೆ ಇರಬೇಕಾದ ಗುಣಗಳಲ್ಲಿ ಸ್ನೇಹ, ಬಲ, ದಣಿಯದಿರುವುದು, ವೈದ್ಯ ಹೇಳಿದಂತೆ ನಡೆಯುವುದು ಸೇರಿವೆ. ಅವುಗಳ ನಡುವೆಯೇ ಇನ್ನೊಂದಿದೆ, ಹೇಸಿಗೆ ಪಡದಿರುವುದು. ಮಲ, ವಾಂತಿ, ಕೀವುಗಳನ್ನು ದಿನಕ್ಕೆ ಹತ್ತು ಸಲ ಒರೆಸಿ, ಅದರ ಬಣ್ಣ, ಪ್ರಮಾಣ, ವಾಸನೆಯಿಂದ ಮಗುವಿನ ಸ್ಥಿತಿ ಓದಬೇಕಾದ ಮಕ್ಕಳ ವಾರ್ಡಿನಲ್ಲಿ ಈ ಗುಣದ ಬೆಲೆ ಗೊತ್ತಾಗುತ್ತದೆ.

ಇಂದಿನ ವಾರಾಣಸಿಯಲ್ಲಿ ಈ ಕೆಲಸದ ದೊಡ್ಡ ನೆಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯವಿಜ್ಞಾನ ಸಂಸ್ಥೆ ಮತ್ತು ಅದರ ಸರ್ ಸುಂದರಲಾಲ್ ಆಸ್ಪತ್ರೆ. ಕನ್ನಡಿಗರಿಗೆ ಈ ಜಾಗ ಪರಕೀಯವಲ್ಲ. ಮದನಮೋಹನ ಮಾಳವೀಯರು 1916ರಲ್ಲಿ ಕಟ್ಟಿದ ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿ 1960ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜು ಆರಂಭವಾದಾಗ ಅದನ್ನು ಕಟ್ಟಿ ನಿಲ್ಲಿಸಿದವರು ನಮ್ಮ ಕರಾವಳಿಯ ಡಾ. ಕೆ.ಎನ್. ಉಡುಪ. ಬನಾರಸ್ಸಿನಲ್ಲೇ ಆಯುರ್ವೇದ ಓದಿ, ಆಮೇಲೆ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಕಲಿತು ಬಂದ ಅವರು, ಮುಂದೆ ಅದು ವೈದ್ಯವಿಜ್ಞಾನ ಸಂಸ್ಥೆಯಾದಾಗ ಅದರ ಮೊದಲ ನಿರ್ದೇಶಕರೂ ಆದರು. ಪೂರ್ವ ಉತ್ತರಪ್ರದೇಶದ ಬಲಿಯಾ, ಗಾಜಿಪುರ, ಮಿರ್ಜಾಪುರ, ಸೋನಭದ್ರಗಳಿಂದ, ಗಡಿಯಾಚೆಯ ಬಿಹಾರ, ಜಾರ್ಖಂಡ್, ಮಧ್ಯಪ್ರದೇಶಗಳಿಂದ ಬಡವರು ಮಕ್ಕಳನ್ನು ಎತ್ತಿಕೊಂಡು ಬರುವುದು ಈ ಆಸ್ಪತ್ರೆಗೇ.

ಯಾವ ಮಕ್ಕಳಿಗೆ, ಯಾಕೆ?

ಮೊದಲ ಗುಂಪು ಹುಟ್ಟಿನಿಂದಲೇ ತೊಂದರೆ ಹೊತ್ತು ಬರುವ ಕೂಸುಗಳದ್ದು. ಸುಮಾರು 5,000 ಹೆರಿಗೆಗಳಲ್ಲಿ ಒಂದು ಮಗು ಗುದದ್ವಾರ ಸರಿಯಾಗಿ ರೂಪುಗೊಳ್ಳದೆ ಹುಟ್ಟುತ್ತದೆ. ಕೆಲವು ಮಕ್ಕಳಲ್ಲಿ ದ್ವಾರವೇ ಇರುವುದಿಲ್ಲ. ಕೆಲವರಲ್ಲಿ ಕರುಳು ಮೂತ್ರನಾಳಕ್ಕೋ ಯೋನಿಯ ಬಳಿಗೋ ತೆರೆದುಕೊಂಡಿರುತ್ತದೆ. ದೊಡ್ಡ ಕರುಳು ಪೂರ್ತಿಯಾಗಿಯೋ ಅರೆಬರೆಯಾಗಿಯೋ ಚೀಲದಂತೆ ಉಬ್ಬಿರುವ ‘ಪೌಚ್ ಕೋಲನ್’ ಎಂಬ ವಿಕೃತಿಯೂ ಇದೆ. ಜಗತ್ತಿನ ಬೇರೆಡೆ ಅಪರೂಪವಾದ ಅದು ಉತ್ತರ ಭಾರತದ ಮಕ್ಕಳ ಸರ್ಜನ್‌ಗಳಿಗೆ ಪರಿಚಿತ.

ಇನ್ನೊಂದು, ಡೆನ್ಮಾರ್ಕಿನ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ವಿವರಿಸಿದ, ಅವರದೇ ಹೆಸರಿನ ಕಾಯಿಲೆ. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ. ಆ ಭಾಗ ಸಡಿಲಗೊಳ್ಳದೆ ಬಿಗಿದುಕೊಂಡಿರುತ್ತದೆ, ಮೇಲಿನ ಕರುಳು ಮಲ ತುಂಬಿ ಊದಿಕೊಳ್ಳುತ್ತದೆ. ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಶಿಶುಗಳಲ್ಲಿ ಬಹುಪಾಲು ಮೊದಲ 24 ಗಂಟೆಯೊಳಗೆ ಕಪ್ಪು ಹಸಿರಿನ ಮೊದಲ ಮಲ ಹಾಕುತ್ತವೆ. ಹಾಕದಿದ್ದರೆ, ಹೊಟ್ಟೆ ಉಬ್ಬುತ್ತಿದ್ದರೆ, ಹಸಿರು ವಾಂತಿಯಾದರೆ ಕಾಯುವಂತಿಲ್ಲ. ನವಜಾತ ಶಿಶುವಿನ ಹಸಿರು ವಾಂತಿಯನ್ನು ಕರುಳಿನ ಅಡಚಣೆಯೆಂದೇ ತಿಳಿದು ಮಕ್ಕಳ ಸರ್ಜನ್ ಬಳಿಗೆ ಓಡಬೇಕು.

ಎರಡನೆಯ ಗುಂಪು ಸ್ವಲ್ಪ ದೊಡ್ಡ ಮಕ್ಕಳದ್ದು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಂಡವರು, ಜಂತುಹುಳುಗಳ ಗಂಟು ಕರುಳು ಕಟ್ಟಿದವರು, ಅಪೆಂಡಿಕ್ಸ್ ಒಡೆದವರು, ಟೈಫಾಯ್ಡ್‌ನಲ್ಲಿ ಸಣ್ಣ ಕರುಳು ತೂತಾದವರು. ಟೈಫಾಯ್ಡ್ ಜ್ವರದ ಎರಡು ಮೂರನೆಯ ವಾರದಲ್ಲಿ ಸಣ್ಣ ಕರುಳಿನ ತುದಿಭಾಗದ ಹುಣ್ಣುಗಳು ತೂತು ಬೀಳಬಹುದು. ಕೊಳಕು ನೀರು ಕುಡಿಯುವ ಊರುಗಳ ಬಡ ಮಕ್ಕಳೇ ಇದಕ್ಕೆ ಹೆಚ್ಚು ಬಲಿ. ಜ್ವರದಿಂದ ಸೊರಗಿದ ಮಗುವಿನ ಗಾಯ ಬೇಗ ಮಾಯುವುದಿಲ್ಲ, ಕೀವು ತುಂಬುತ್ತದೆ, ಕೆಲವೊಮ್ಮೆ ಹೊಲಿಗೆಯೇ ಬಿರಿಯುತ್ತದೆ.

ಗುದದ್ವಾರವಿಲ್ಲದ ಮಕ್ಕಳ ಚಿಕಿತ್ಸೆಗೆ ಹೊಸ ದಾರಿ ತೆರೆದದ್ದು 1982ರಲ್ಲಿ. ಮೆಕ್ಸಿಕೋದ ಆಲ್ಬರ್ಟೊ ಪೆನ್ಯ ಮತ್ತು ಅಮೆರಿಕದ ಪೀಟರ್ ಡಿವ್ರೀಸ್ ಹಿಂಬದಿಯಿಂದ ನಡುಗೆರೆಯಲ್ಲಿ ಕೊಯ್ದು, ಸ್ನಾಯುಗಳನ್ನು ಕಣ್ಣಾರೆ ಕಂಡು, ಕರುಳನ್ನು ಅವುಗಳ ನಡುವೆ ಕೂರಿಸುವ ವಿಧಾನವನ್ನು ಆ ವರ್ಷ ಪ್ರಕಟಿಸಿದರು. ರೂಢಿಯಂತೆ ಇದಕ್ಕೆ ಮೂರು ಹಂತ. ಹೊಟ್ಟೆಯ ಮೇಲೆ ತಾತ್ಕಾಲಿಕ ಮಲದ್ವಾರ ಮಾಡುವುದು, ಕೆಲವು ತಿಂಗಳ ಮೇಲೆ ಮೂಲಸ್ಥಾನದಲ್ಲಿ ದ್ವಾರ ರಚಿಸುವುದು, ಕೊನೆಗೆ ಹೊಟ್ಟೆಯ ಮೇಲಿನದನ್ನು ಮುಚ್ಚುವುದು. ಸೂಕ್ತ ಮಕ್ಕಳಲ್ಲಿ ಇದನ್ನು ಒಂದೇ ಹಂತದಲ್ಲಿ ಮಾಡುವ ಬಗ್ಗೆ ಬನಾರಸ್ಸಿನ ಸರ್ಜನ್‌ಗಳು ಕೆಲಸ ಮಾಡಿದ್ದಾರೆ. ಡಾ. ಎ.ಎನ್. ಗಂಗೋಪಾಧ್ಯಾಯ, ಡಾ. ಎಸ್.ಸಿ. ಗೋಪಾಲ್ ಮತ್ತು ಸಂಗಡಿಗರು ವಾರಾಣಸಿಯ ಮಕ್ಕಳಲ್ಲಿ ಒಂದು ಹಂತ ಮತ್ತು ಮೂರು ಹಂತಗಳ ದೀರ್ಘಕಾಲದ ಫಲಿತಾಂಶಗಳನ್ನು 2006ರಲ್ಲಿ ಅಂತರರಾಷ್ಟ್ರೀಯ ನಿಯತಕಾಲಿಕೆಯಲ್ಲಿ ಪ್ರಕಟಿಸಿದರು. ಮೂರು ಸಲ ಕೂಲಿ ಬಿಟ್ಟು, ಸಾಲ ಮಾಡಿ, ನೂರಾರು ಕಿಲೋಮೀಟರ್ ಬರಬೇಕಾದ ಕುಟುಂಬಕ್ಕೆ ಒಂದೇ ಹಂತವೆಂದರೆ ದೊಡ್ಡ ಬಿಡುಗಡೆ. ಆದರೆ ಆಗ ಹೊಸ ಹೊಲಿಗೆಯ ಮೇಲೇ ಮಲ ಹಾದುಹೋಗುತ್ತದೆ. ನರ್ಸಿಂಗ್ ಆರೈಕೆಯ ಹೊಣೆ ಅಷ್ಟೇ ಹೆಚ್ಚುತ್ತದೆ.

ಮೊದಲ ಮೂರು ದಿನ

ಎರಡೂವರೆ ಕಿಲೋ ತೂಗುವ ಕೂಸಿನ ಮೈಯಲ್ಲಿರುವ ರಕ್ತ ಸುಮಾರು 200 ಮಿ.ಲೀ., ಒಂದು ಲೋಟದಷ್ಟು. ದೊಡ್ಡವರಲ್ಲಿ ಲೆಕ್ಕಕ್ಕೇ ಬಾರದ ನಷ್ಟ ಇಲ್ಲಿ ಪ್ರಾಣಕ್ಕೆ ಕುತ್ತು. ಆದ್ದರಿಂದ ಮಕ್ಕಳ ವಾರ್ಡಿನ ನರ್ಸ್ ಹನಿಹನಿಯ ಲೆಕ್ಕ ಇಡುತ್ತಾರೆ. ಡ್ರಿಪ್‌ನಲ್ಲಿ ಒಳಹೋದದ್ದು, ಮೂಗಿನ ನಳಿಕೆಯಲ್ಲಿ ಹೊರಬಂದದ್ದು, ಮೂತ್ರ, ಡ್ರೈನ್, ಎಲ್ಲವೂ ಚಾರ್ಟಿನಲ್ಲಿ ಏರಬೇಕು. ಒದ್ದೆ ಡಯಪರನ್ನೂ ತೂಗಿ, ಒಣ ಡಯಪರಿನ ತೂಕ ಕಳೆದು ಮೂತ್ರದ ಲೆಕ್ಕ ಹಿಡಿಯುತ್ತಾರೆ. ಕಿಲೋಗೆ ಗಂಟೆಗೆ ಕನಿಷ್ಠ 1 ಮಿ.ಲೀ. ಮೂತ್ರ ಬರಬೇಕೆಂಬುದು ಶಿಶುಗಳ ವಿಷಯದಲ್ಲಿ ಇಟ್ಟುಕೊಂಡ ಅಳತೆ. ಅದು ಕುಗ್ಗಿತೆಂದರೆ ಮಗು ಒಣಗುತ್ತಿದೆ.

ಎಷ್ಟು ದ್ರವ ಕೊಡಬೇಕೆಂಬುದಕ್ಕೆ ಹಾಲಿಡೇ ಮತ್ತು ಸೆಗರ್ ಎಂಬ ವೈದ್ಯರು 1957ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಮೊದಲ 10 ಕಿಲೋ ತೂಕಕ್ಕೆ ಕಿಲೋಗೆ ದಿನಕ್ಕೆ 100 ಮಿ.ಲೀ., ಮುಂದಿನ 10 ಕಿಲೋಗೆ 50, ಅದಕ್ಕೂ ಮೇಲಿನ ತೂಕಕ್ಕೆ 20. ಹುಟ್ಟಿದ ಮೊದಲ ದಿನಗಳ ಕೂಸಿಗೆ ಇದಕ್ಕಿಂತ ಕಡಿಮೆ ಸಾಕು. ಮೂಗಿನ ನಳಿಕೆಯಿಂದ ಹೋದ ರಸದಲ್ಲಿ ಉಪ್ಪು, ಪೊಟ್ಯಾಸಿಯಂ ಎರಡೂ ಹೋಗಿರುವುದರಿಂದ ಆ ನಷ್ಟವನ್ನು ಬೇರೆಯಾಗಿ ತುಂಬಿಕೊಡಬೇಕು. ಪೊಟ್ಯಾಸಿಯಂ ಇಳಿದರೆ ಕರುಳು ಇನ್ನಷ್ಟು ಮಂಕಾಗುತ್ತದೆ.

ಆ ನಳಿಕೆಯನ್ನು ಎಲ್ಲರೂ ಕರೆಯುವುದು ರೈಲ್ಸ್ ಟ್ಯೂಬ್ ಎಂದು. ಕೈಯಿಂದ ಮುಟ್ಟಿ ಕದಲಿಸಿದ ಕರುಳು ಕೆಲ ಕಾಲ ಚಲನೆ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಸಣ್ಣ ಕರುಳು ಒಂದು ದಿನದೊಳಗೆ, ಜಠರ ಒಂದೆರಡು ದಿನದಲ್ಲಿ, ದೊಡ್ಡ ಕರುಳು ಎರಡು ಮೂರು ದಿನದಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ. ಅಲ್ಲಿಯವರೆಗೆ ಜಠರದಲ್ಲಿ ಸೇರುವ ರಸ ಮತ್ತು ಗಾಳಿಗೆ ಹೊರದಾರಿ ಬೇಕು. ಇಲ್ಲವಾದರೆ ಮಗು ವಾಂತಿ ಮಾಡಿ, ಅದು ಶ್ವಾಸಕ್ಕೆ ಹೋಗಿ ಅಪಾಯವಾಗುತ್ತದೆ. ಹೊಟ್ಟೆ ಉಬ್ಬಿದರೆ ಹೊಲಿಗೆಯ ಮೇಲೂ ಒತ್ತಡ, ಉಸಿರಿಗೂ ಕಷ್ಟ. ನಳಿಕೆಯಲ್ಲಿ ಬರುವ ರಸ ದಟ್ಟ ಹಸಿರಿನಿಂದ ತಿಳಿಯಾಗುತ್ತಾ, ಪ್ರಮಾಣದಲ್ಲಿ ಇಳಿಯುತ್ತಾ ಬಂದರೆ ಕರುಳು ತೆರೆಯುತ್ತಿದೆ ಎಂದರ್ಥ. ಈ ಬಣ್ಣದ ಬದಲಾವಣೆ ಯಾವ ಯಂತ್ರದ ಪರದೆಯ ಮೇಲೂ ಕಾಣದು. ಅನುಭವಿ ನರ್ಸ್ ಅದನ್ನು ಕಣ್ಣಿನಿಂದ ಹಿಡಿಯುತ್ತಾರೆ. ನಳಿಕೆ ಕಟ್ಟಿಕೊಳ್ಳದಂತೆ, ಮಗು ಕಿತ್ತುಕೊಳ್ಳದಂತೆ, ಕೆನ್ನೆಯ ಪ್ಲಾಸ್ಟರಿನಡಿ ಚರ್ಮ ಕೆಂಪಾಗದಂತೆ ನೋಡುವುದೂ ಅವರೇ.

ಚಳಿಯೂ ಶತ್ರುವೇ. ಹೊಟ್ಟೆ ತೆರೆದು ಗಂಟೆಗಟ್ಟಲೆ ಮಲಗಿದ್ದ ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ಗಂಗೆಯ ಬಯಲಿನ ಪುಷ್ಯ ಮಾಘಗಳ ಮಂಜು ಮುಸುಕಿದ ಚಳಿಯಲ್ಲಂತೂ ಆಂಬುಲೆನ್ಸಿನಲ್ಲೇ ಮೈ ಕೊರೆದು ಹೋಗಿರುತ್ತದೆ. ಶಿಶುವಿನ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲಬೇಕು. ಅದಕ್ಕೆ ವಾರ್ಮರ್, ತಲೆಗೆ ಟೋಪಿ, ಕಾಲಿಗೆ ಕಾಲುಚೀಲ, ಒದ್ದೆ ಬಟ್ಟೆ ತಕ್ಷಣ ಬದಲಾಯಿಸುವ ಕೈ ಬೇಕು. ಗುದದ ಶಸ್ತ್ರಚಿಕಿತ್ಸೆಯಾದ ಮಗುವಿಗೆ ಥರ್ಮಾಮೀಟರ್ ಇಡುವುದು ಕಂಕುಳಲ್ಲಿ ಮಾತ್ರ. ಸರ್ಜನ್ ಹೇಳುವವರೆಗೆ ಅಲ್ಲಿ ಎನಿಮಾ, ಸಪೊಸಿಟರಿ, ಏನನ್ನೂ ತೂರಿಸಬಾರದು.

ಇಂಥ ಮಗುವನ್ನು ಬೋರಲಾಗಿಯೋ ಪಕ್ಕಕ್ಕೋ ಮಲಗಿಸಿ ಹೊಲಿಗೆಯ ಮೇಲೆ ಭಾರ ಬೀಳದಂತೆ ನೋಡುತ್ತಾರೆ. ಗಾಯವನ್ನು ತೊಳೆದು, ಉಜ್ಜದೆ ಒತ್ತಿ ಒರೆಸಿ, ಗಾಳಿಗೆ ಆರಲು ಬಿಡುತ್ತಾರೆ. ಮೂತ್ರನಾಳಕ್ಕೆ ಅಂಟಿದ್ದ ಕರುಳನ್ನು ಬಿಡಿಸಿದ ಗಂಡುಮಗುವಿಗೆ ಕೆಲವು ದಿನ ಮೂತ್ರದ ಕ್ಯಾತಿಟರ್ ಇರುತ್ತದೆ. ಅದು ಜಾರಿ ಹೊರಬಂದರೆ ತಾವಾಗಿ ಮತ್ತೆ ತೂರಿಸದೆ ಸರ್ಜನ್‌ಗೆ ತಿಳಿಸಬೇಕೆಂಬುದು ವಾರ್ಡಿನ ಕಟ್ಟುನಿಟ್ಟಿನ ಪಾಠ. ಹೊಟ್ಟೆಯ ಗಾಯದಿಂದ ಐದಾರು ದಿನಗಳ ಮೇಲೆ ಇದ್ದಕ್ಕಿದ್ದಂತೆ ನಸುಗೆಂಪು ನೀರು ಒಸರಿದರೆ ಒಳಹೊಲಿಗೆ ಬಿಡುತ್ತಿರಬಹುದು. ಆಗ ಸಲೈನಿನಲ್ಲಿ ನೆನೆಸಿದ ಶುದ್ಧ ಗಾಜ್ ಮುಚ್ಚಿ ತಕ್ಷಣ ಸರ್ಜನ್‌ಗೆ ಕರೆ ಹೋಗಬೇಕು.

ಮಾತು ಬಾರದ ನೋವು

ಹಸುಗೂಸುಗಳಿಗೆ ದೊಡ್ಡವರಂತೆ ನೋವಾಗುವುದಿಲ್ಲ ಎಂಬ ನಂಬಿಕೆ ವೈದ್ಯಲೋಕದಲ್ಲಿ 1980ರ ದಶಕದವರೆಗೂ ಇತ್ತು. ಅದನ್ನು ಅಲುಗಾಡಿಸಿದವರು ಭಾರತೀಯ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್. ಅವರೂ ಸಹೋದ್ಯೋಗಿಗಳೂ 1987ರಲ್ಲಿ ಪ್ರಕಟಿಸಿದ ಅಧ್ಯಯನ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಆಪರೇಷನ್ ವೇಳೆ ಸಾಕಷ್ಟು ನೋವು ನಿವಾರಕ ಕೊಟ್ಟರೆ ದೇಹದ ಒತ್ತಡ ಕಡಿಮೆಯಾಗಿ ಚೇತರಿಕೆ ಸುಧಾರಿಸುತ್ತದೆ ಎಂದು ತೋರಿಸಿತು.

ಆದರೆ ಮಗು ಎಲ್ಲಿ, ಎಷ್ಟು ನೋವೆಂದು ಹೇಳಲಾರದು. ಅದಕ್ಕೆ ನರ್ಸ್‌ಗಳು ಬಳಸುವ ಒಂದು ಅಳತೆ 1997ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ರೂಪುಗೊಂಡ ‘ಫ್ಲ್ಯಾಕ್’. ಮುಖ, ಕಾಲು, ಚಲನೆ, ಅಳು, ಸಮಾಧಾನ ಎಂಬ ಐದು ಅಂಶಗಳಿಗೆ ಸೊನ್ನೆಯಿಂದ 2ರವರೆಗೆ ಅಂಕ, ಒಟ್ಟು 10. ಹುಬ್ಬು ಗಂಟಿಕ್ಕಿದೆಯೇ, ಕಾಲು ಹೊಟ್ಟೆಗೆ ಸೆಳೆದುಕೊಂಡಿದೆಯೇ, ಎತ್ತಿಕೊಂಡರೆ ಸುಮ್ಮನಾಗುತ್ತದೆಯೇ ಎಂದು ನೋಡಿ ಅಂಕ ಬರೆಯುತ್ತಾರೆ. ನೋವು ತಗ್ಗಿದ ಮಗು ಚೆನ್ನಾಗಿ ಉಸಿರಾಡುತ್ತದೆ, ಕಫ ಕಟ್ಟುವುದಿಲ್ಲ, ಬೇಗ ಎದ್ದು ಕೂರುತ್ತದೆ. ದೊಡ್ಡ ಮಕ್ಕಳನ್ನು ಆದಷ್ಟು ಬೇಗ ಹಾಸಿಗೆಯಿಂದಿಳಿಸಿ ನಡೆಸುವುದು, ಬಲೂನೋ ಪೀಪಿಯೋ ಕೊಟ್ಟು ಊದಿಸುವುದು ಆಟದಂತೆ ಕಂಡರೂ ಶ್ವಾಸಕೋಶ ಕಾಯುವ ಚಿಕಿತ್ಸೆ.

ಮತ್ತೆ ಹಾಲು

ಹಳ್ಳಿಯಲ್ಲೋ ಪಟ್ಟಣದಲ್ಲೋ ಹೆರಿಗೆಯಾದ ಮರುದಿನವೇ ಕೂಸನ್ನು ವಾರಾಣಸಿಗೆ ಕರೆತಂದಿರುತ್ತಾರೆ. ತಾಯಿ ಇನ್ನೂ ಹಸಿ ಬಾಣಂತಿ, ಸಿಸೇರಿಯನ್ ಆಗಿದ್ದರೆ ಬೇರೆ ಆಸ್ಪತ್ರೆಯಲ್ಲೇ ಉಳಿದಿರುತ್ತಾಳೆ. ಕೂಸಿನ ಬಳಿ ಅಜ್ಜಿಯೋ ಅಪ್ಪನೋ. ಇದು ಕಲಬುರಗಿಯಿಂದ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಬರುವ ಕುಟುಂಬದ ಕಥೆಯೂ ಹೌದು. ಇಂಥಲ್ಲಿ ನರ್ಸ್ ಮಾಡುವ ದೊಡ್ಡ ಉಪಕಾರವೆಂದರೆ ತಾಯಿಯ ಹಾಲು ಬತ್ತದಂತೆ ನೋಡುವುದು. ಮಗು ಬಾಯಿಗೆ ಏನೂ ತೆಗೆದುಕೊಳ್ಳದ ದಿನಗಳಲ್ಲೂ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ತೆಗೆಯಬೇಕು. ಇಲ್ಲದಿದ್ದರೆ ಕರುಳು ತೆರೆಯುವ ಹೊತ್ತಿಗೆ ಎದೆ ಬರಿದಾಗಿರುತ್ತದೆ.

ಆಪರೇಷನ್ ಆದ ಕರುಳಿಗೆ ಮೊಲೆಹಾಲಿಗಿಂತ ಹಗುರವಾದ, ಸೋಂಕು ತಡೆಯುವ ಆಹಾರ ಇನ್ನೊಂದಿಲ್ಲ. ಮೊದಲು ಕೆಲವೇ ಮಿ.ಲೀ., ಹೊಟ್ಟೆ ಉಬ್ಬದಿದ್ದರೆ, ಹಸಿರು ವಾಂತಿ ಇಲ್ಲದಿದ್ದರೆ ಸ್ವಲ್ಪ ಸ್ವಲ್ಪ ಹೆಚ್ಚು. ಪ್ರತಿ ಹೆಜ್ಜೆಯಲ್ಲೂ ನರ್ಸ್ ಹೊಟ್ಟೆಯ ಸುತ್ತಳತೆ ಅಳೆಯುತ್ತಾರೆ. ಅಜ್ಜಿಯರ ಪ್ರೀತಿ ಇಲ್ಲಿ ಅಡ್ಡ ಬರಬಹುದು. ಬನಾರಸ್ಸಿನ ಕಡೆ ಘುಟ್ಟಿ, ಜೇನು ನೆಕ್ಕಿಸುವ ರೂಢಿ, ನಮ್ಮ ಕಡೆ ಬಜೆ ತೇದು ನೆಕ್ಕಿಸುವ ರೂಢಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬೀಜಾಣುಗಳು ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಇದನ್ನು ಅಜ್ಜಿಗೆ ಬೈದು ಹೇಳಿದರೆ ಕೇಳುವುದಿಲ್ಲ. ಜೊತೆಗೆ ಕೂತು, ಹೊಸ ಹೊಲಿಗೆಗೆ ಹಾಲು ಬಿಟ್ಟು ಬೇರೇನೂ ತಾಗಬಾರದು ಎಂದು ಹೇಳಿದರೆ ಅವರೇ ಕಾವಲು ನಿಲ್ಲುತ್ತಾರೆ.

ಹೊಟ್ಟೆಯ ಮೇಲಿನ ದಾರಿ

ತಾಯಂದಿರ ಎದೆ ಒಡೆಯುವುದು ಸ್ಟೋಮಾ ಕಂಡಾಗ. ಹೊಟ್ಟೆಯ ಮೇಲೆ ಕೆಂಪಗೆ ಹೊರಬಂದಿರುವ ಕರುಳು, ಅಲ್ಲಿಂದ ಮಲ. ಅದನ್ನು ಮುಟ್ಟಿದರೆ ಮಗುವಿಗೆ ನೋವಾದೀತೆಂಬ ಭಯ, ನೆರೆಯವರು ಕಂಡರೆಂಬ ನಾಚಿಕೆ. ನರ್ಸ್ ಮೊದಲು ಹೇಳಬೇಕಾದ ಮಾತುಗಳು ಎರಡು. ಕರುಳಿನ ಒಳಪದರಕ್ಕೆ ಚರ್ಮದಂತೆ ಸ್ಪರ್ಶದ ನೋವು ತಿಳಿಯುವುದಿಲ್ಲ, ತೊಳೆದರೆ ಮಗುವಿಗೆ ನೋಯದು. ಮತ್ತು ಬಹುತೇಕ ಮಕ್ಕಳಲ್ಲಿ ಇದು ತಾತ್ಕಾಲಿಕ.

ಆರೋಗ್ಯವಾದ ಸ್ಟೋಮಾ ಬಾಯಿಯ ಒಳಗಿನಂತೆ ಕೆಂಪಗೆ, ತೇವವಾಗಿರುತ್ತದೆ. ಒರೆಸುವಾಗ ಒಂದೆರಡು ತೊಟ್ಟು ರಕ್ತ ಬಂದರೆ ಗಾಬರಿ ಬೇಡ. ನೀಲಿ, ಕಪ್ಪು ಬಣ್ಣಕ್ಕೆ ತಿರುಗಿದರೆ ಅಥವಾ ಪೂರ್ತಿ ಪೇಲವವಾದರೆ ರಕ್ತಸಂಚಾರ ನಿಲ್ಲುತ್ತಿದೆ, ತಡಮಾಡುವಂತಿಲ್ಲ. ಕರುಳು ಉದ್ದವಾಗಿ ಹೊರಬಂದರೆ ಒದ್ದೆಯಾದ ಶುಚಿ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಬರಬೇಕು.

ನಿತ್ಯದ ಹೋರಾಟವೆಲ್ಲ ಸುತ್ತಲಿನ ಚರ್ಮದ್ದು. ಸಣ್ಣ ಕರುಳಿನ ರಸದಲ್ಲಿ ಆಹಾರ ಕರಗಿಸುವ ಕಿಣ್ವಗಳಿರುತ್ತವೆ. ಅವು ಕೂಸಿನ ಎಳೆ ಚರ್ಮವನ್ನೂ ತಿಂದು ಹಸಿ ಗಾಯ ಮಾಡುತ್ತವೆ. ಮಲ ಹಿಡಿಯುವ ಬ್ಯಾಗ್ ಅಂಟಿಸುವ ತಟ್ಟೆಯ ರಂಧ್ರವನ್ನು ಸ್ಟೋಮಾಗಿಂತ 2ರಿಂದ 3 ಮಿ.ಮೀ. ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ಹೆಚ್ಚಾದರೆ ಚರ್ಮ ಸುಡುತ್ತದೆ, ಕಡಿಮೆಯಾದರೆ ಸ್ಟೋಮಾ ಒತ್ತಿಕೊಳ್ಳುತ್ತದೆ. ಉಗುರುಬೆಚ್ಚನೆ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಅಂಟಿಸಬೇಕು. ಎಣ್ಣೆ, ಪೌಡರ್ ಹಚ್ಚಿದ ಚರ್ಮಕ್ಕೆ ತಟ್ಟೆ ಹಿಡಿಯದು. ಬ್ಯಾಗ್ ಮೂರನೇ ಒಂದು ಭಾಗ ತುಂಬುತ್ತಿದ್ದಂತೆ ಖಾಲಿ ಮಾಡಬೇಕು. ತುಂಬಲು ಬಿಟ್ಟರೆ ಭಾರಕ್ಕೆ ಕಿತ್ತು ಬರುತ್ತದೆ.

ಆದರೆ ಮಕ್ಕಳ ಅಳತೆಯ ಬ್ಯಾಗ್ ದುಬಾರಿ, ಸಣ್ಣ ಊರಿನಲ್ಲಿ ಸಿಗುವುದೂ ಇಲ್ಲ. ದೇಶದ ಎಷ್ಟೋ ಬಡ ತಾಯಂದಿರು ಕೊಲೊಸ್ಟಮಿಗೆ, ಅಂದರೆ ದೊಡ್ಡ ಕರುಳಿನ ಸ್ಟೋಮಾಗೆ, ಮೆತ್ತನೆಯ ಹಳೆಯ ಹತ್ತಿ ಬಟ್ಟೆ ಮಡಚಿ ಕಟ್ಟುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಸುತ್ತಲಿನ ಚರ್ಮಕ್ಕೆ ಝಿಂಕ್ ಆಕ್ಸೈಡ್ ಮುಲಾಮನ್ನೋ ವ್ಯಾಸಲೀನನ್ನೋ ದಪ್ಪಗೆ ಹಚ್ಚಿ, ಬಟ್ಟೆ ಒದ್ದೆಯಾದ ತಕ್ಷಣ ಬದಲಿಸಿ, ಬಟ್ಟೆಗಳನ್ನು ಸೋಪಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿದರೆ ಸಾಕು. ಎರಡು ವಿಧಾನವನ್ನೂ ಗೌರವದಿಂದ ಕಲಿಸುವ ನರ್ಸ್ ಆ ಕುಟುಂಬದ ಜೇಬನ್ನೂ ಮಗುವಿನ ಚರ್ಮವನ್ನೂ ಒಟ್ಟಿಗೆ ಕಾಯುತ್ತಾರೆ.

ಸ್ಟೋಮಾ ಸಣ್ಣ ಕರುಳಿನದಾಗಿದ್ದರೆ ಇನ್ನೊಂದು ಎಚ್ಚರ ಬೇಕು. ನೀರು, ಉಪ್ಪು ಹೀರಿಕೊಳ್ಳುವ ದೊಡ್ಡ ಕರುಳು ಬಳಕೆಯಲ್ಲಿ ಇರುವುದಿಲ್ಲ. ದಿನಕ್ಕೆ ತೂಕದ ಪ್ರತಿ ಕಿಲೋಗೆ 20 ಮಿ.ಲೀ. ಮೀರಿ ಹೋಗುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ಚೆನ್ನಾಗಿ ಹಾಲು ಕುಡಿಯುತ್ತಿದ್ದರೂ ಮಗುವಿನ ತೂಕ ಏರುತ್ತಿಲ್ಲವೆಂದರೆ ಅನೇಕ ವೇಳೆ ಕಾರಣ ಮೈಯ ಸೋಡಿಯಂ ಬರಿದಾಗಿರುವುದು. ಬನಾರಸ್ಸಿನ ಜ್ಯೇಷ್ಠದ ಲೂ ಬಿಸಿಗಾಳಿಯಲ್ಲಿ, ರಾಯಚೂರಿನ ಏಪ್ರಿಲ್‌ನಲ್ಲಿ ಇಂಥ ಮಗು ಕೆಲವೇ ಗಂಟೆಗಳಲ್ಲಿ ಬಾಡಿಹೋಗಬಹುದು. ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಬೇಕು, ಎಷ್ಟು ಕೊಡಬೇಕೆಂಬುದು ಚೀಟಿಯಲ್ಲಿ ಬರೆದಿರಬೇಕು.

ತಾಯಿಯ ಕೈಗೆ ಬರುವ ಚಿಕಿತ್ಸೆ

ಹೊಸ ಗುದದ್ವಾರ ರಚಿಸಿದ ಸುಮಾರು ಎರಡು ವಾರಕ್ಕೆ ಇನ್ನೊಂದು ಅಧ್ಯಾಯ ತೆರೆಯುತ್ತದೆ. ಮಾಯುವ ಗಾಯಕ್ಕೆ ಕುಗ್ಗುವ ಸ್ವಭಾವ. ಬಿಟ್ಟರೆ ದ್ವಾರ ಕಿರಿದಾಗಿ ಮುಚ್ಚಿಕೊಳ್ಳುತ್ತದೆ. ಅದನ್ನು ತಡೆಯಲು ಹೇಗರ್ ಡೈಲೇಟರ್ ಎಂಬ ನಯವಾದ ಲೋಹದ ಕಡ್ಡಿಯನ್ನು ಜೆಲ್ಲಿ ಹಚ್ಚಿ ದಿನಕ್ಕೆ ಎರಡು ಸಲ ತೂರಿಸಿ ತೆಗೆಯಬೇಕು. ವಾರಕ್ಕೊಂದು ಅಳತೆ ಏರಿಸುತ್ತಾ ಮಗುವಿನ ವಯಸ್ಸಿಗೆ ತಕ್ಕ ಗಾತ್ರ ಮುಟ್ಟಿಸಿ, ಆಮೇಲೆ ತಿಂಗಳುಗಟ್ಟಲೆ ನಿಧಾನಕ್ಕೆ ಕಡಿಮೆ ಮಾಡುತ್ತಾ ನಿಲ್ಲಿಸುತ್ತಾರೆ. ಇದನ್ನು ಮಾಡಬೇಕಾದವಳು ತಾಯಿ.

ಅತ್ತ ಮಗು ಕಿರುಚುತ್ತದೆ, ಇತ್ತ ತಾಯಿಯ ಕರುಳು ಹಿಂಡುತ್ತದೆ. ಒಂದು ದಿನ ಬಿಟ್ಟರೆ ಎರಡು ದಿನ, ಎರಡು ದಿನ ಬಿಟ್ಟರೆ ವಾರ. ಆಮೇಲೆ ಕಡ್ಡಿ ಹೋಗುವುದಿಲ್ಲ, ಮತ್ತೊಂದು ಆಪರೇಷನ್ ಎದುರು ನಿಲ್ಲುತ್ತದೆ. ಇಲ್ಲಿ ಸೋತವಳು ತಾಯಿ ಎಂದು ಬರೆಯುವುದು ಅನ್ಯಾಯ. ಬಿಡುಗಡೆಯ ದಿನ ಐದು ನಿಮಿಷದಲ್ಲಿ ತೋರಿಸಿ ಕಳಿಸಿದ ವಿದ್ಯೆ ಯಾರ ಕೈಯಲ್ಲೂ ನಿಲ್ಲದು. ಮೊದಲು ನರ್ಸ್ ಮಾಡುವುದನ್ನು ನೋಡಿ, ಆಮೇಲೆ ನರ್ಸ್ ಕೈ ಹಿಡಿದು ಮಾಡಿಸಿ, ಕೊನೆಗೆ ತಾಯಿ ಒಬ್ಬಳೇ ಮಾಡಿ ತೋರಿಸಿದರೆ ಮನೆಯಲ್ಲೂ ಕೈ ನಡುಗುವುದಿಲ್ಲ. ಅವಳ ಜೊತೆ ಮನೆಯ ಇನ್ನೊಬ್ಬರೂ ಕಲಿತಿರಬೇಕು.

ಸ್ಟೋಮಾ ಮುಚ್ಚಿದ ಮೇಲೆ ಮಗು ದಿನಕ್ಕೆ ಹತ್ತಾರು ಸಲ ಮಲ ಹಾಕುತ್ತದೆ. ಅದುವರೆಗೆ ಮಲವೇ ತಾಗದಿದ್ದ ಚರ್ಮ ಬೆಂದಂತಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ತಾಯಿ ಮೊದಲ ದಿನದಿಂದಲೇ ಮುಲಾಮು ಹಚ್ಚಿ ಚರ್ಮ ಉಳಿಸಿಕೊಳ್ಳುತ್ತಾಳೆ.

ಹಿರ್ಷ್‌ಸ್ಪ್ರುಂಗ್ ಮಕ್ಕಳ ಮನೆಯವರು ಒಂದು ಅಪಾಯವನ್ನು ಬಾಯಿಪಾಠ ಮಾಡಿರಬೇಕು: ಜ್ವರ, ಹೊಟ್ಟೆಯುಬ್ಬರ, ದುರ್ನಾತದ ಚಿಮ್ಮುವ ಭೇದಿ. ಶಸ್ತ್ರಚಿಕಿತ್ಸೆ ಯಶಸ್ವಿಯಾದ ತಿಂಗಳುಗಳ ನಂತರವೂ ಬರಬಹುದಾದ ಕರುಳಿನ ಉರಿಯೂತ ಇದು. ಸಾಮಾನ್ಯ ಭೇದಿಯೆಂದು ಊರಿನ ಅಂಗಡಿಯ ಮಾತ್ರೆ ಕೊಟ್ಟು ಕಾದರೆ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ಸಲೈನಿನಿಂದ ಕರುಳು ತೊಳೆದು, ಆಂಟಿಬಯೋಟಿಕ್ ಕೊಟ್ಟರೆ ಉಳಿಸಿಕೊಳ್ಳಬಹುದು.

ಶಾಲೆಗೆ ಹೋಗುವ ವಯಸ್ಸಿನಲ್ಲಿ

ಹೊಲಿಗೆ ಮಾಯ್ದರೂ ಕಥೆ ಮುಗಿಯುವುದಿಲ್ಲ. ಗುದದ್ವಾರ ರಚಿಸಿಕೊಂಡ ಎಷ್ಟೋ ಮಕ್ಕಳಿಗೆ ಮಲಬದ್ಧತೆ ಕಾಡುತ್ತದೆ. ಕೆಲವರಿಗೆ ಹಿಡಿತ ಇರುವುದಿಲ್ಲ, ಚಡ್ಡಿ ಕೊಳೆಯಾಗುತ್ತದೆ. ಬೆನ್ನೆಲುಬಿನ ಕೊನೆಯ ಮೂಳೆ, ಅಲ್ಲಿನ ನರ, ಸ್ನಾಯುಗಳು ಹುಟ್ಟಿನಿಂದಲೇ ಎಷ್ಟು ಬೆಳೆದಿವೆ ಎಂಬುದರ ಮೇಲೆ ಇದು ನಿಂತಿದೆ. ಮಗುವಿನ ಸೋಮಾರಿತನವಾಗಲಿ ಹಟವಾಗಲಿ ಇದರಲ್ಲಿಲ್ಲ. ಆದರೂ ಮನೆಯಲ್ಲಿ ಏಟು, ಶಾಲೆಯಲ್ಲಿ ಅಡ್ಡಹೆಸರು, ಕೊನೆಗೆ ಹಿಂದಿನ ಬೆಂಚು, ಆಮೇಲೆ ಶಾಲೆಯೇ ಬೇಡ. ಹೆಣ್ಣುಮಗುವಾದರೆ ಮದುವೆಯ ಮಾತಿನವರೆಗೂ ಗುಟ್ಟು.

ಇದಕ್ಕೆ ದಾರಿಯಿದೆ. ಊಟದ ನಂತರ ಹೊತ್ತಿಗೆ ಸರಿಯಾಗಿ ಶೌಚಕ್ಕೆ ಕೂರಿಸುವ ಅಭ್ಯಾಸ, ಮಲಬದ್ಧತೆಗೆ ವೈದ್ಯರು ಹೇಳಿದ ಔಷಧ, ಹಿಡಿತವೇ ಇಲ್ಲದ ಮಗುವಿಗೆ ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಎನಿಮಾ. ಕರುಳು ಒಮ್ಮೆ ಪೂರ್ತಿ ಖಾಲಿಯಾದರೆ ಮಗು ಉಳಿದ ದಿನವೆಲ್ಲ ಶುಚಿಯಾಗಿ ಶಾಲೆಯಲ್ಲಿ ಕೂರಬಹುದು, ಆಡಬಹುದು. ಇದನ್ನು ಕಲಿಸುವವರೂ ತಿದ್ದುವವರೂ ನರ್ಸ್‌ಗಳೇ. ಶಿಕ್ಷಕರು ಮಾಡಬೇಕಾದದ್ದು ಸಣ್ಣದು. ಕೈ ಎತ್ತಿದ ತಕ್ಷಣ ಆ ಮಗುವನ್ನು ಹೊರಬಿಡುವುದು, ಶೌಚಾಲಯಕ್ಕೆ ಬಾಗಿಲು, ನೀರು ಇರುವಂತೆ ನೋಡುವುದು.

ಆರೈಕೆಗೂ ಸಮಯ ಕೊಡಿ

ಆಯುಷ್ಮಾನ್ ಭಾರತ್‌ನಂಥ ಯೋಜನೆಗಳು 2018ರಿಂದ ಬಡವರ ಶಸ್ತ್ರಚಿಕಿತ್ಸೆಯ ಬಿಲ್ಲಿನ ಭಾರ ಇಳಿಸಿವೆ. ಆಪರೇಷನ್‌ಗೆ ಬೆಲೆ ಕಟ್ಟಿದ ವ್ಯವಸ್ಥೆ, ನರ್ಸ್ ತಾಯಿಗೆ ಕಲಿಸುವ ಒಂದು ಗಂಟೆಗೆ ಇನ್ನೂ ಬೆಲೆ ಕಟ್ಟಬೇಕಿದೆ. ಒಂದು ಪಾಳಿಯಲ್ಲಿ ಕೈತುಂಬ ಹಾಸಿಗೆ ಹೊತ್ತ ನರ್ಸ್ ಚಾರ್ಟ್ ಬರೆಯುವುದರಲ್ಲೇ ದಣಿಯುತ್ತಾರೆ. ಕಲಿಸುವ ಸಮಯ ಬೇಕೆಂದರೆ ನರ್ಸ್‌ಗಳ ಸಂಖ್ಯೆ ಹೆಚ್ಚಬೇಕು. ಮಕ್ಕಳ ಶಸ್ತ್ರಚಿಕಿತ್ಸೆ ಇರುವ ಪ್ರತಿ ಆಸ್ಪತ್ರೆಯಲ್ಲೂ ಸ್ಟೋಮಾ ಆರೈಕೆಯ ತರಬೇತಿ ಪಡೆದ ಒಬ್ಬರಾದರೂ ಇರಬೇಕು. ಬಿಡುಗಡೆ ಚೀಟಿ ಮನೆಯವರ ಭಾಷೆಯಲ್ಲಿರಬೇಕು. ಓದಲು ಬಾರದ ತಾಯಿಗೆ ಚಿತ್ರಗಳು ಬೇಕು, ರಾತ್ರಿ ಹೊತ್ತು ಗಾಬರಿಯಾದರೆ ಕರೆ ಮಾಡಲು ಒಂದು ಫೋನ್ ನಂಬರ್ ಬೇಕು. ಬನಾರಸ್ಸಿನಲ್ಲಿ ಅದು ಭೋಜ್‌ಪುರಿಯಲ್ಲಿರಲಿ, ಬಳ್ಳಾರಿಯಲ್ಲಿ ಕನ್ನಡದಲ್ಲಿರಲಿ. ಮಕ್ಕಳ ಅಳತೆಯ ಬ್ಯಾಗ್‌ಗಳು ಜಿಲ್ಲಾ ಆಸ್ಪತ್ರೆಯ ಔಷಧಾಲಯದಲ್ಲಿ ಸಿಗಲಿ.

ಇವುಗಳಲ್ಲಿ ಒಂದನ್ನು ನಾಳೆಯಿಂದಲೇ, ಹೆಚ್ಚು ಖರ್ಚಿಲ್ಲದೆ ಶುರು ಮಾಡಬಹುದು. ಸ್ಟೋಮಾ ಅಥವಾ ಡೈಲೇಟರ್ ಹೊತ್ತು ಮನೆಗೆ ಹೊರಟ ಯಾವ ಮಗುವಿನ ಬಿಡುಗಡೆ ಚೀಟಿಗೂ, ಅದರ ತಾಯಿ ಅಥವಾ ಮನೆಯವರು ಆ ಕೆಲಸವನ್ನು ನರ್ಸ್ ಎದುರು ತಾವೇ ಮಾಡಿ ತೋರಿಸುವವರೆಗೆ ಸಹಿ ಬೀಳಬಾರದು. ಆ ಸಹಿಯ ಪಕ್ಕದಲ್ಲಿ ಕಲಿಸಿದ ನರ್ಸ್‌ನ ಸಹಿಯೂ ಇರಲಿ. ಚಿಕಿತ್ಸೆಗೆ ನಾಲ್ಕು ಪಾದವೆಂದು ಬಹಳ ಹಿಂದೆಯೇ ಒಪ್ಪಿಕೊಂಡ ದೇಶ, ಪರಿಚಾರಕರ ಪಾದಕ್ಕೂ ಉಳಿದ ಮೂರರಷ್ಟೇ ಬಲ ತುಂಬಲಿ.